ಸೋಮವಾರ ಕಿತ್ತ ಗೆಣಸು

ನಾನು ದುಡಿದು ನಿವೃತ್ತನಾದ ಸಂಶೋಧನಾ ಸಂಸ್ಥೆಯವರು ಒಂದು ನೆನಪಿನ ಸಂಪುಟ ತರುತ್ತಿದ್ದಾರೆ. ಅದಕ್ಕೆ ಎರಡು ಪುಟದ ಬರಹ ಕೇಳಿದರು. ವಿಷಯವನ್ನೂ ಅವರೇ ಗೊತ್ತುಮಾಡಿದ್ದರು: ಅರಸೀಕೆರೆಯ ಶೆಡ್ಡಿನಲ್ಲಿ, ಹೊರಗಿನಿಂದ ತಂದ ಕಿಣ್ವದ ನೆರವಿಲ್ಲದೆ, ಗೆಣಸಿನ ಪಿಷ್ಟ ಮೊದಲ ಬಾರಿಗೆ ಸಕ್ಕರೆಯಾದದ್ದು. ಸಂಪುಟದ ಕೆಲಸ ನೋಡಿಕೊಳ್ಳುವ ತರುಣಿ ಫೋನಿನಲ್ಲಿ, “ಡೇಟ್ ಒಂದು ಕರೆಕ್ಟಾಗಿ ಹಾಕ್ಬಿಡಿ ಸಾರ್, ಉಳಿದಿದ್ದು ನಾವ್ ನೋಡ್ಕೋತೀವಿ” ಎಂದಳು.

ಆಕೆಗೆ ಗೊತ್ತಿರಲಿಲ್ಲ, ಆ ಎರಡು ಪುಟಗಳಲ್ಲಿ ನಾನು ಬರೆಯಲಾರದೆ ಕುಳಿತದ್ದು ಅದೊಂದನ್ನೇ ಎಂದು.

ವರ್ಷದ ಬಗ್ಗೆ, ತಿಂಗಳಿನ ಬಗ್ಗೆ ಯಾವ ತಕರಾರೂ ಇಲ್ಲ. ಅವು ವರದಿಯಲ್ಲಿವೆ, ಇಲ್ಲಿ ಮತ್ತೆ ಹೇಳುವ ಅಗತ್ಯವಿಲ್ಲ. ಕಾರ್ತಿಕ ಮಾಸವಾಗಿತ್ತು ಎಂದರೆ ಸಾಕು. ನನಗೆ ಬೇಕಾಗಿದ್ದದ್ದು ವಾರ. ಸೋಮವಾರವೋ ಮಂಗಳವಾರವೋ ಎಂಬ ಒಂದು ದಿನದ ವ್ಯತ್ಯಾಸ. ವಿಜ್ಞಾನಕ್ಕೆ ಅದರಿಂದ ಆಗಬೇಕಾದದ್ದು ಏನೂ ಇಲ್ಲ. ನನಗೆ ಮಾತ್ರ, ಮೂರು ವರ್ಷದ ಹಿಂದೆ ತೀರಿಕೊಂಡ ನನ್ನ ಹೆಂಡತಿ ಆ ದಿನ ನನ್ನ ಪಕ್ಕದಲ್ಲಿದ್ದಳೋ ಇಲ್ಲವೋ ಎಂಬುದು ಆ ಒಂದು ದಿನದ ಮೇಲೆ ನಿಂತಿತ್ತು.

ನನ್ನ ನೆನಪಿನಲ್ಲಿ ಅವಳು ಇದ್ದಾಳೆ. ಶೆಡ್ಡಿನ ಮೂಲೆಯ ತಾಮ್ರದ ಹಂಡೆಯ ಮೇಲೆ ಬಗ್ಗಿ, ಸೌಟಿನ ತುದಿಯಲ್ಲಿ ಒಂದಿಷ್ಟು ಗಂಜಿ ಎತ್ತಿ, ಊದಿ ಊದಿ ಆರಿಸಿ, ನಾಲಿಗೆಗೆ ಮುಟ್ಟಿಸಿಕೊಂಡು, ಕಣ್ಣು ಕಿರಿದು ಮಾಡಿದ್ದಾಳೆ. ಆಮೇಲೆ ಹೇಳುತ್ತಾಳೆ: “ಬಂದಿದೆ ಕಣ್ರೀ. ಇದು ಬೇರೆ ಸಿಹಿ.”

ಅವಳು ಹೋದ ಮೇಲೆ ಈ ಚಿತ್ರವನ್ನು ನಾನು ಎಷ್ಟು ಸಲ ಹೊರತೆಗೆದು ನೋಡಿದ್ದೇನೆಂದರೆ, ಅದು ನಿಜಕ್ಕೂ ನಡೆದದ್ದೋ ಅಥವಾ ನನ್ನ ಹಂಬಲವೇ ಬರೆದುಕೊಂಡದ್ದೋ ಹೇಳಲಾರದವನಾಗಿದ್ದೆ. ಏಕೆಂದರೆ ಕಾಗದಗಳು ಬೇರೆಯದನ್ನೇ ಹೇಳುತ್ತಿದ್ದವು. ಪ್ರಯೋಗದ ಪುಸ್ತಕದಲ್ಲಿ ನನ್ನದೇ ಅಕ್ಷರ: ಗೆಣಸು ಕಿತ್ತದ್ದು ಸೋಮವಾರ, ಬೇಯಿಸಿದ್ದು ಮಂಗಳವಾರ, ಅಯೋಡಿನ್ ಪರೀಕ್ಷೆಯಲ್ಲಿ ನೀಲಿ ಬಣ್ಣ ಪೂರ್ತಿ ಹೋದದ್ದು ಮಂಗಳವಾರ ಸಂಜೆ. ಜೇಬಿನ ಡೈರಿಯಲ್ಲಿ ಅದೇ ಮಂಗಳವಾರದ ಎದುರಿಗೆ ಇನ್ನೊಂದು ಸಾಲು: “ಮೊದಲ ಬಸ್ಸಿಗೆ ಹತ್ತಿಸಿ ಬಂದೆ. ಬೇಲೂರು.” ಅವಳ ತಂಗಿಯ ಮೊಮ್ಮಗುವಿನ ನಾಮಕರಣ ಬುಧವಾರ, ಆಹ್ವಾನ ಪತ್ರಿಕೆಯನ್ನೂ ಹುಡುಕಿ ತೆಗೆದು ತಾಳೆ ನೋಡಿದೆ. ಮಂಗಳವಾರ ಬೆಳಗಿನ ಬಸ್ಸಿನಲ್ಲಿ ಬೇಲೂರಿಗೆ ಹೋದವಳು ಮಂಗಳವಾರ ಬೇಯಿಸಿದ ಹಂಡೆಯಿಂದ ರುಚಿ ನೋಡಲು ಸಾಧ್ಯವಿಲ್ಲ.

ಅವಳ ಸಾಕ್ಷಿಯೂ ನನಗೆ ವಿರುದ್ಧವಾಗಿಯೇ ಇತ್ತು. ಮನೆಗೆ ಬಂದವರ ಮುಂದೆ ನಾನು ಈ ಪ್ರಯೋಗದ ಮಾತು ತೆಗೆದಾಗಲೆಲ್ಲ, ಕಾಫಿ ಲೋಟ ಇಡುತ್ತ ಅವಳು ನಗುತ್ತಿದ್ದಳು: “ಇವರ ಸಕ್ಕರೆ ಬಂದ ದಿನ ನಾನು ಬೇಲೂರಲ್ಲಿ ಒಬ್ಬಟ್ಟು ತಿಂತಾ ಕೂತಿದ್ದೆ.”

ಮೂರು ಕಾಗದ, ಒಂದು ಹೇಳಿಕೆ. ಎದುರಿಗೆ ಒಬ್ಬ ಮುದುಕನ ನೆನಪು. ಬೇರೆ ಯಾರದೋ ಪ್ರಬಂಧವಾಗಿದ್ದರೆ ನಾನು ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದು ಮುಂದಿನ ಪುಟಕ್ಕೆ ಹೋಗುತ್ತಿದ್ದೆ.

ಶೆಡ್ಡು ಬಾಣಾವರದ ರಸ್ತೆಯಲ್ಲಿ, ಊರು ಮುಗಿಯುವ ಕಡೆ ಇತ್ತು. ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಮೊದಲು ಯಾರೋ ಕೊಬ್ಬರಿ ದಾಸ್ತಾನಿಡುತ್ತಿದ್ದ ಜಾಗ. ನೆಲವನ್ನು ಎಷ್ಟು ತೊಳೆದರೂ ಕೊಬ್ಬರಿಯ ಜಿಡ್ಡಿನ ವಾಸನೆ ಹೋಗಿರಲಿಲ್ಲ. ನಿವೃತ್ತಿಗೆ ಕೆಲವೇ ವರ್ಷ ಉಳಿದಿದ್ದ ನನ್ನನ್ನು ಸಂಸ್ಥೆಯವರು ಅಲ್ಲಿಗೆ ಕಳಿಸಿದ್ದರು. ಕೆಲಸವನ್ನು ಸರಳವಾಗಿ ಹೇಳಬಹುದು. ಗೆಣಸಿನಲ್ಲಿ ಇರುವುದು ಬಹುಪಾಲು ಪಿಷ್ಟ. ಪಿಷ್ಟವನ್ನು ಒಡೆದರೆ ಸಕ್ಕರೆ. ಸಕ್ಕರೆಯನ್ನು ಹುಳಿ ಬರಲು ಬಿಟ್ಟು ಭಟ್ಟಿ ಇಳಿಸಿದರೆ ಎಂಜಿನ್ನು ಉರಿಸುವ ಇಂಧನ. ಕಬ್ಬಿನಂತೆ ನೀರು ಕುಡಿಯದ, ಕೆಂಪು ನೆಲದಲ್ಲೂ ಬರುವ ಬೆಳೆಯಿಂದ ಇದು ಆಗುವುದಾದರೆ ಆಗಲಿ ಎಂಬುದು ಉದ್ದೇಶ.

“ಅಂದ್ರೆ ಗೆಣಸನ್ನ ಗಾಡಿಗೆ ತಿನ್ನಿಸ್ತೀರಿ,” ಎಂದು ನನ್ನ ಹೆಂಡತಿ ಮೊದಲ ದಿನವೇ ಇಡೀ ಯೋಜನೆಯನ್ನು ಒಂದು ವಾಕ್ಯಕ್ಕೆ ಇಳಿಸಿದ್ದಳು. “ಗಾಡಿ ‘ಇನ್ನೊಂದು ಹಾಕಿ’ ಅಂತ ಕೇಳಿದ್ರೆ ಏನ್ಮಾಡ್ತೀರಿ?”

ಪಿಷ್ಟವನ್ನು ಒಡೆಯುವ ಕೆಲಸ ಕಿಣ್ವದ್ದು. ಅದು ದೂರದಿಂದ ಐಸಿನ ಡಬ್ಬಿಯಲ್ಲಿ ಬರುತ್ತಿತ್ತು. ಬರುವಷ್ಟರಲ್ಲಿ ಎಷ್ಟೋ ಸಲ ಐಸು ನೀರಾಗಿ, ಕಿಣ್ವ ಸತ್ತಿರುತ್ತಿತ್ತು. ಇಲ್ಲಿಯದೇ ಏನಾದರೂ ಬೇಕಾಗಿತ್ತು. ಮೊಳೆಯುವ ಕಾಳು ತನ್ನೊಳಗಿನ ಪಿಷ್ಟವನ್ನು ತಾನೇ ಸಕ್ಕರೆ ಮಾಡಿಕೊಂಡು ಬೆಳೆಯುತ್ತದೆ, ಆದ್ದರಿಂದ ಮೊಳಕೆ ಕಟ್ಟಿದ ರಾಗಿಯಲ್ಲಿ ಆ ಕಿಣ್ವ ಇರಲೇಬೇಕು ಎಂಬುದು ನನಗೆ ಪುಸ್ತಕದಿಂದ ಗೊತ್ತಿತ್ತು. ಅಂಥ ಹಿಟ್ಟು ನಮ್ಮ ಮನೆಯಲ್ಲಿಯೇ ಇತ್ತು. ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ, ಅದಕ್ಕೆ ಆರು ತಿಂಗಳು ತುಂಬುವ ಹೊತ್ತಿಗೆ ರಾಗಿ ಸರಿಹಿಟ್ಟು ನನ್ನ ಹೆಂಡತಿಯ ಕೈಯಿಂದ ಹೋಗುತ್ತಿತ್ತು. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಬೀಸಿಸಿ, ಬಿಳಿ ಪಂಚೆಯಲ್ಲಿ ಜರಡಿ ಹಿಡಿದ ಹಿಟ್ಟು. ಡಬ್ಬಿಯಿಂದ ಒಂದು ಪಾವಿನಷ್ಟನ್ನು ಹೇಳದೆ ತೆಗೆದುಕೊಂಡು ಹೋದೆ.

ಮೂರು ಸಲ ಹಂಡೆ ಏರಿಸಿದೆ. ಮೂರು ಸಲವೂ ಬಿಳಿ ಪಿಂಗಾಣಿ ಬಿಲ್ಲೆಯ ಮೇಲಿನ ಗಂಜಿಗೆ ಬಿಟ್ಟ ಅಯೋಡಿನ್ ಹನಿ ಕಡುನೀಲಿಯಾಯಿತು. ನೀಲಿ ಎಂದರೆ ಪಿಷ್ಟ ಹಾಗೆಯೇ ಇದೆ ಎಂದು. ಸಂಜೆಯೊಳಗೆ ನೀಲಿ ಹೋಗದ ಹಂಡೆಯನ್ನು ನಾನು ಚೆಲ್ಲಿಸಿಬಿಡುತ್ತಿದ್ದೆ. ಅದು ನನ್ನ ಕಟ್ಟಳೆ.

ಹಿಟ್ಟಿನ ಡಬ್ಬಿ ತಳ ಕಂಡಾಗ ಕಳ್ಳತನ ಹೊರಬಿತ್ತು. ನನ್ನ ಸೋಲಿನ ಕಥೆಯನ್ನು ಪೂರ್ತಿ ಕೇಳಿ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

“ಹುರಿದ ಬೀಜ ಬಿತ್ತಿ ಮೊಳಕೆ ಕಾಯ್ತಾ ಕೂತಿದ್ದೀರಲ್ರೀ!”

ಸರಿಹಿಟ್ಟಿನ ರಾಗಿಯನ್ನು ಬೀಸುವ ಮೊದಲು ಘಮ ಬರುವ ತನಕ ಹುರಿಯುತ್ತಾರೆ. ಬಾಣಲೆಯ ಕಾವಿಗೆ ಕಿಣ್ವ ಉಳಿಯುವುದಿಲ್ಲ. ಹುರಿಯದೆ ಸರಿಹಿಟ್ಟು ಮಾಡುವವರನ್ನು ನಮ್ಮ ಕಡೆ ನಾನು ಕಂಡಿಲ್ಲವಾದ್ದರಿಂದ, ಹುರಿದಿದ್ದೇನೆ ಎಂದು ಯಾರೂ ಯಾರಿಗೂ ಹೇಳುವುದಿಲ್ಲ. ಕೇಳಬೇಕಾದವನು ನಾನು; ಕೇಳಿರಲಿಲ್ಲ.

ಮರುದಿನವೇ ಅವಳು ಬೇರೆ ರಾಗಿ ನೆನೆಹಾಕಿದಳು. ಮೊಳಕೆಯನ್ನು ತಾರಸಿಯ ಮೇಲೆ ಬಿಸಿಲಿನಲ್ಲಷ್ಟೇ ಒಣಗಿಸಿ, ಹುರಿಯದೆ ಬೀಸಿಸಿ ತಂದು ನನ್ನ ಕೈಗೆ ಕೊಟ್ಟಳು. “ಇದನ್ನ ಮಕ್ಕಳಿಗೆ ಕೊಡೋ ಡಬ್ಬಿಗೆ ಬೆರೆಸಬೇಡಿ ಮಾರಾಯರೆ. ಇದಕ್ಕೆ ಘಮ ಇಲ್ಲ, ಬರೀ ಕೆಲಸ.”

ಇಷ್ಟರವರೆಗೆ ನೆನಪಿಗೂ ಕಾಗದಕ್ಕೂ ಜಗಳವಿಲ್ಲ. ಹುರಿಯದ ಹಿಟ್ಟನ್ನು ಹಾಕಿದ ಹಂಡೆಯೇ ಗೆದ್ದ ಹಂಡೆ. ಆ ಹಂಡೆ ಒಲೆ ಏರಿದ್ದು ಯಾವತ್ತು ಎಂಬಲ್ಲಿ ಮಾತ್ರ ಎರಡೂ ಬೇರೆಯಾಗುತ್ತವೆ.

ಮಂಗಳವಾರದ ಬಗ್ಗೆ ನನಗೆ ಅನುಮಾನವಿಲ್ಲದೆ ನೆನಪಿರುವುದು ಒಂದು ಫೋನ್. ಅರಸೀಕೆರೆಯಿಂದ ಬೇಲೂರಿಗೆ ಹೋಗುವ ಬಸ್ಸು ಹಳೇಬೀಡಿನಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಬಸ್ಸು ಅಲ್ಲಿಗೆ ತಲುಪಿದಾಗ ಫೋನ್ ಮಾಡುವುದು ಅವಳ ರೂಢಿ. ಅರ್ಧ ದಾರಿಗಿಂತ ಹೆಚ್ಚು ಕಳೆಯಿತು, ಇನ್ನು ಚಿಂತೆ ಬೇಡ ಎಂದು ಅದರ ಅರ್ಥ. ಆ ದಿನವೂ ಮಾಡಿದ್ದಳು. ಹಿಂದೆ ಪ್ರವಾಸ ಬಂದ ಶಾಲೆಯ ಮಕ್ಕಳ ಗದ್ದಲ.

“ಹಂಡೆ ನೋಡಿದ್ರಾ?” ಎಂದಳು.

“ಸ್ನಾನ ಆಯಿತು,” ಎಂದೆ.

ಆ ಕಡೆಯಿಂದ ನಗು. “ಆಯ್ತು ಬಿಡಿ,” ಎಂದು ಫೋನ್ ಇಟ್ಟಳು.

ಅವಳೇಕೆ ನಕ್ಕಳೆಂದು ಆಗ ನಾನು ಯೋಚಿಸಲಿಲ್ಲ. ಮನೆಯ ಬಚ್ಚಲಿನಲ್ಲಿಯೂ ಒಂದು ಹಂಡೆ ಇತ್ತು. ನೀರು ಕಾಯಿತೇ ಎಂದು ಕೇಳುತ್ತಿದ್ದಾಳೆ ಎಂದುಕೊಂಡಿದ್ದೆ. ನಾಲ್ಕಾರು ದಿನ ಕಳೆದು ಅವಳು ಹಿಂದಿರುಗಿದಾಗ, ಬಸ್ ನಿಲ್ದಾಣದಿಂದ ಮನೆಗೆ ನಡೆಯುತ್ತ ನಾನು ಹೇಳಿದ ಮೊದಲ ಮಾತು, “ಬಂತು ಕಣೇ. ನೀನು ಇಲ್ಲದ ದಿನವೇ ಬಂತು ನೋಡು.” ಅವಳು ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. “ಹೌದಾ? ಒಳ್ಳೇದಾಯ್ತು ಬಿಡಿ,” ಎಂದಳು.

ಅಷ್ಟೇ ಅಂದಳು.

ಹಾಗಾಗಿ, ಸಂಪುಟಕ್ಕೆ ಮಂಗಳವಾರವನ್ನೇ ಬರೆದೆ. ಆ ಎರಡು ಪುಟಗಳಲ್ಲಿ ಅವಳಿಗೆ ಅರ್ಧ ವಾಕ್ಯ ಸಿಕ್ಕಿತ್ತು: ಮೊಳಕೆ ಹಿಟ್ಟನ್ನು ಮನೆಯಲ್ಲಿ ತಯಾರಿಸಲಾಯಿತು ಎಂದು. ಕರ್ತೃವಿಲ್ಲದ ಆ ಕ್ರಿಯಾಪದವನ್ನು ಎಷ್ಟು ಸಲ ಓದಿದರೂ ಮನಸ್ಸು ಒಪ್ಪಲಿಲ್ಲ. ಆದರೆ ಇಲ್ಲದವಳನ್ನು ಇದ್ದಳೆಂದು ಅಚ್ಚು ಹಾಕಿಸುವುದಕ್ಕೂ ನಾನು ತಯಾರಿರಲಿಲ್ಲ. ಸುಳ್ಳು ತಾರೀಖಿನ ಮೇಲೆ ನಿಲ್ಲಿಸಿದರೆ ಅವಳೇ ಮೊದಲು ನಗುತ್ತಿದ್ದಳು.

ಬರಹವನ್ನು ಕಳಿಸುವ ಮೊದಲು ಒಂದು ವಿವರ ಬಾಕಿ ಇತ್ತು. ಆ ಗೆಣಸಿನ ತಳಿಗೆ ಊರಿನಲ್ಲಿ ಏನೆನ್ನುತ್ತಾರೆ ಎಂದು ತಿಳಿಯಬೇಕಾಗಿತ್ತು. ತಿನ್ನಲು ಸಪ್ಪೆಯಾದ, ಬಿಳಿ ತಿರುಳಿನ, ಪಿಷ್ಟ ಹೆಚ್ಚಿರುವ ಗೆಣಸು ಅದು. ಅದನ್ನು ನಮಗೆ ಬೆಳೆದು ಕೊಟ್ಟಿದ್ದವರು ಕಣಕಟ್ಟೆಯ ಒಬ್ಬ ರೈತರು. ತೆಂಗಿನ ತೋಟದ ಪಕ್ಕದಲ್ಲಿ ರಾಗಿ ಹೊಲ, ರಾಗಿ ಹೊಲದ ಅಂಚಿನಲ್ಲಿ ಗೆಣಸು. ಫೋನಿನಲ್ಲಿ ಕೇಳಬಹುದಾಗಿತ್ತು. ಆದರೂ ಬಸ್ಸು ಹತ್ತಿ ಹೋದೆ.

ಅವರು ತೋಟದಲ್ಲಿಯೇ ಇದ್ದರು. ನನಗಿಂತ ಐದಾರು ವರ್ಷಕ್ಕೆ ಹಿರಿಯರು. ಹಣೆಯ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು. ನನ್ನನ್ನು ನೋಡಿದ ಕೂಡಲೆ ಒಂದು ಎಳನೀರನ್ನು ಕುಡುಗೋಲಿನಿಂದ ಕೆತ್ತಿ ಕೈಗಿಟ್ಟರು.

“ಕುತ್ಕಳಿ ಸಾ. ಏನ್ ಹಿಂಗ್ ಸೊರಗೋಗಿದೀರಿ? ಅಮ್ನೋರು ಹೋದ ಸುದ್ದಿ ಕೇಳ್ದೆ. ಬರಕ್ಕಾಗ್ಲಿಲ್ಲ, ಕಾಲು ಸರಿ ಇರ್ಲಿಲ್ಲ.”

ತಳಿಯ ಹೆಸರು ಕೇಳಿದೆ. “ಅದಕ್ಕೇನ್ ಹೆಸ್ರು ಸಾ, ಬಿಳೇ ಗೆಣಸು,” ಎಂದರು. ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಆದರೆ ತಾರೀಖುಗಳನ್ನು ಇನ್ನೊಬ್ಬರ ಎದುರು ಓದಿ ಒಪ್ಪಿಗೆ ಪಡೆಯುವುದು ಹಳೆಯ ಚಟ. ಕನ್ನಡಕ ಹಾಕಿಕೊಂಡು, “ಗೆಣಸು ಕಿತ್ತದ್ದು ಕಾರ್ತಿಕ ಮಾಸದ ಸೋಮವಾರ, ಅಲ್ಲವೇ? ಎತ್ತು ಕಟ್ಟಿ ನೇಗಿಲಿನಲ್ಲಿ ಎಬ್ಬಿಸಿದ್ದು?” ಎಂದು ಓದಿದೆ.

ಅವರು ಕುಡುಗೋಲನ್ನು ಕೆಳಗಿಟ್ಟರು.

“ಯಾವ್ ವಾರ ಅಂದ್ರಿ?”

“ಸೋಮವಾರ.”

“ಸೋಮಾರ ಎತ್ತು ಕಟ್ಟಿದ್ನಾ ನಾನು? ಅದೂ ಕಾರ್ತೀಕದ ಸೋಮಾರ?” ಅವರಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. “ಏನ್ ಸಾ ನೀವು, ಓದ್ದೋರು. ಸೋಮಾರ ಬಸವಣ್ಣನ ವಾರ. ನಮ್ಮಪ್ಪನ ಕಾಲ್ದಿಂದ ಸೋಮಾರ ನಮ್ಮನೇಲಿ ಎತ್ತಿನ ಹೆಗಲಿಗೆ ನೊಗ ಇಟ್ಟಿಲ್ಲ. ಈಗ ಎತ್ತು ಹೋಗಿ ಟ್ರ್ಯಾಕ್ಟರ್ ಬಂತು. ನಮ್ ಹುಡುಗ್ರು ಸೋಮಾರ ಅದನ್ನೂ ಆಚೆ ತೆಗೆಯಲ್ಲ. ಅದೇನ್ ಬಸವಣ್ಣನಾ ಅಂತ ನಾನೇ ಬೈತೀನಿ, ಅದ್ ಬೇರೆ ಮಾತು. ಯಾವನ್ ಬರ್ದ ಇದನ್ನ?”

“ನಾನೇ,” ಎಂದೆ.

“ಹಂಗಾದ್ರೆ ನಿಮ್ ಪುಸ್ತಕಕ್ಕೆ ಎತ್ತು ಗೊತ್ತಿಲ್ಲ ಬಿಡಿ.”

ಈ ಸೀಮೆಯಲ್ಲಿ ಹುಟ್ಟಿ ಬೆಳೆದವನು ನಾನು. ಸೋಮವಾರ ಆರು ಕಟ್ಟುವುದಿಲ್ಲ, ನೇಗಿಲು ಹೂಡುವುದಿಲ್ಲ ಎಂದು ನನಗೆ ಅಕ್ಷರಕ್ಕಿಂತ ಮೊದಲು ಗೊತ್ತಿತ್ತು. ಇಷ್ಟು ವರ್ಷ ಅದೇ ಸಾಲನ್ನು ಓದಿದ್ದೇನೆ, ವರದಿಗೆ ಇಳಿಸಿದ್ದೇನೆ. ಒಂದು ಸಲವೂ ಕಣ್ಣಿಗೆ ಚುಚ್ಚಿರಲಿಲ್ಲ.

“ಹಾಗಾದರೆ ಮಂಗಳವಾರ ಕಿತ್ತದ್ದೇ?” ಎಂದು ಕೇಳಿದೆ. ಮಂಗಳವಾರವಾದರೆ ಹಂಡೆ ಇನ್ನೂ ಮುಂದಕ್ಕೆ ಹೋಗುತ್ತದೆ, ಅವಳು ಇನ್ನೂ ದೂರವಾಗುತ್ತಾಳೆ. ನನ್ನ ದನಿಯಲ್ಲಿ ಏನು ಕೇಳಿಸಿತೋ, ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು.

“ಭಾನ್ವಾರ ಸಾ. ಭಾನ್ವಾರ ಮಧ್ಯಾನ್ದ ಮೇಲೆ ಎಬ್ಬಿಸ್ದೆ, ಮಾರನೇ ದಿನ ಎತ್ತಿಗೆ ರಜಾ ಅಂತಾನೇ. ಸೋಮಾರ ಬೆಳಿಗ್ಗೆ ನೀವು ಜೀಪ್ ತಗಂಡು ಬಂದ್ರಿ. ಅಮ್ನೋರೂ ಬಂದಿದ್ರು, ಬೇಲೂರಲ್ಲಿ ಅವ್ರ ತಂಗಿ ಮನೇಗೆ ಒಂದ್ ಚೀಲ ಗೆಣಸು ಬೇಕು ಅಂತ, ಅವ್ರೇ ಆರಿಸ್ಕಂಡ್ರು.”

“ಅದು ಆ ದಿನವೇ ಎಂದು ಹೇಗೆ ಹೇಳುತ್ತೀರಿ? ಅವಳು ಇಲ್ಲಿಗೆ ಎರಡು ಮೂರು ಸಲ ಬಂದಿದ್ದಳು.”

“ಹೆಂಗ್ ಹೇಳ್ತೀನಿ ಅಂದ್ರೆ?” ಅವರು ತೋಟದಾಚೆಯ ಖಾಲಿ ಕೊಟ್ಟಿಗೆಯ ಕಡೆಗೆ ಗಲ್ಲ ಎತ್ತಿ ತೋರಿಸಿದರು. “ಎತ್ತಿನ ಮೈ ತೊಳ್ದು, ವಿಭೂತಿ ಹಚ್ಚಿ, ಅಗೋ ಅಲ್ಲಿ ನಿಲ್ಸಿದ್ದೆ. ಹಿಂದಿನ ದಿನ ಕಿತ್ತ ಗೆಣಸಿನ ಬಳ್ಳಿ ರಾಶಿ ಬಿದ್ದಿತ್ತು. ಅಮ್ನೋರು ಒಂದೊಂದೇ ಹಿಡಿ ಬಳ್ಳಿ ಎತ್ತಿ ಎರಡು ಎತ್ತಿಗೂ ತಿನ್ನುಸ್ತಾ ಏನಂದ್ರು ಗೊತ್ತಾ? ‘ತಿನ್ರಪ್ಪ, ಇವತ್ತು ನಿಮ್ಗೆ ರಜಾ. ನಮ್ ಯಜಮಾನ್ರಿಗೆ ಬಸವಣ್ಣನೂ ರಜಾ ಕೊಡ್ಸಲ್ಲ’ ಅಂದ್ರು. ನಮ್ಮನೇಲಿ ಇವತ್ತಿಗೂ ಯಾರಾದ್ರೂ ಸೋಮಾರ ಗೇಯಕ್ಕೆ ಹೊಂಟ್ರೆ ಅದನ್ನೇ ಹೇಳಿ ನಗ್ತೀವಿ. ಮಂಗ್ಳಾರ ಆ ಮಾತು ಹೆಂಗ್ ಬತ್ತದೆ ಸಾ?”

ಬರುವುದಿಲ್ಲ. ಆ ನಗೆಮಾತು ಸೋಮವಾರ ಬಿಟ್ಟರೆ ಬೇರೆ ಯಾವ ವಾರದಲ್ಲಿಯೂ ಹುಟ್ಟಲಾರದು. ನಾನು ಇಷ್ಟು ವರ್ಷ ನೋಡಿದ ದಾಖಲೆಗಳಲ್ಲಿ ಇಷ್ಟು ಗಟ್ಟಿಯಾಗಿ ದಿನ ಹಿಡಿದುಕೊಂಡ ದಾಖಲೆ ಕಡಿಮೆ. ಹಿಂದಿನ ದಿನ ಕಿತ್ತ ಬಳ್ಳಿಯೂ ಅದರೊಳಗೇ ಇತ್ತು.

ಎಳನೀರು ಕುಡಿಯಲು ನನ್ನಿಂದ ಆಗಲಿಲ್ಲ. ಅವರು ಅದನ್ನು ನೋಡಿಯೂ ನೋಡದವರಂತೆ, “ಬಸ್ಸು ಈಗ್ಲೇ ಬತ್ತದೆ, ಎದ್ದೇಳಿ” ಎಂದು ರಸ್ತೆಯವರೆಗೆ ನಡೆದು ಬಂದರು.

ಅದೇ ಮಧ್ಯಾಹ್ನ ಅಟ್ಟದ ಟ್ರಂಕಿನಿಂದ ಕಚ್ಚಾ ಪುಸ್ತಕ ತೆಗೆದೆ. ನಾನು ಈವರೆಗೆ ಪ್ರಮಾಣವೆಂದು ಹಿಡಿದಿದ್ದದ್ದು ಶುದ್ಧ ಪ್ರತಿ. ವರದಿ ಬರೆಯುವ ಕಾಲಕ್ಕೆ, ಎಷ್ಟೋ ತಿಂಗಳ ನಂತರ, ಕಚ್ಚಾ ಪುಸ್ತಕವನ್ನು ನೋಡಿ ದುಂಡಗೆ ನಕಲು ಮಾಡಿದ್ದು. ಶುದ್ಧ ಪ್ರತಿ ಇರುವಾಗ ಕಚ್ಚಾ ಪುಸ್ತಕವನ್ನು ಯಾರೂ ತೆರೆಯುವುದಿಲ್ಲ. ನಾನೂ ತೆರೆದಿರಲಿಲ್ಲ.

ಒಂದು ವಾರಕ್ಕೆ ಒಂದು ಹಾಳೆ. ಆ ವಾರದ ಹಾಳೆಯಲ್ಲಿ ಒಂದು ತೂತು. ಅಂಗೈ ಅಗಲದ, ಅಂಚು ಕಂದಾದ, ಇರುವೆ ಜಿರಳೆಗಳು ತಿಂದು ಬಿಟ್ಟ ತೂತು. ಭಾನುವಾರದ ಅರ್ಧ ಮತ್ತು ಸೋಮವಾರ ಪೂರ್ತಿ ಅದರಲ್ಲಿ ಹೋಗಿದ್ದವು. ಉಳಿದಿದ್ದದ್ದು ಕೆಳಗಿನ ಒಂದು ಸಾಲು: “ಮಂಗಳವಾರ. ಸಂಜೆ ನೋಡಿದೆ. ಬಣ್ಣ ಪೂರ್ತಿ ಹೋಗಿದೆ.”

ಬೇಯಿಸಿದೆ ಎಂದಿಲ್ಲ. ನೋಡಿದೆ ಎಂದಿದೆ.

ಆಗ ನನ್ನ ತಪ್ಪು ನನಗೆ ಅಡಿಯಿಂದ ಮುಡಿಯವರೆಗೆ ಕಂಡಿತು. ನಕಲು ಮಾಡುವಾಗ ತೂತಿನ ಜಾಗವನ್ನು ಖಾಲಿ ಬಿಡದೆ, ಲೆಕ್ಕ ಹಾಕಿ ತುಂಬಿಸಿದ್ದೆ. ಹಿಂದಿನ ಹಂಡೆಗಳೆಲ್ಲ ಬೇಯಿಸಿದ ದಿನವೇ ಪರೀಕ್ಷೆಯಾಗಿ, ಸೋತರೆ ಅಂದೇ ಚೆಲ್ಲಿಹೋಗುತ್ತಿದ್ದವು; ಆದ್ದರಿಂದ ಬಣ್ಣ ಹೋದ ದಿನವೇ ಬೇಯಿಸಿದ ದಿನ, ಅದರ ಹಿಂದಿನ ದಿನ ಕಿತ್ತ ದಿನ. ತರ್ಕದಲ್ಲಿ ದೋಷವಿಲ್ಲ. ಆಮೇಲೆ ಪ್ರತಿ ಸಲ ಓದಿದ್ದು ಅದನ್ನೇ. ಬರೆದದ್ದು ನಡೆದದ್ದನ್ನು ನಿಧಾನವಾಗಿ ತಿಂದುಹಾಕಿತ್ತು. ಜಿರಳೆ ತಿಂದದ್ದಕ್ಕಿಂತ ಹೆಚ್ಚನ್ನು ನಾನು ತಿಂದಿದ್ದೆ.

ಬೇಯಿಸಿದ್ದು ಸೋಮವಾರವೇ ಆಗಿದ್ದರೆ, ನೀಲಿ ಹೋಗದ ಹಂಡೆಯನ್ನು ಆ ಸಂಜೆ ನಾನು ಏಕೆ ಚೆಲ್ಲಿಸಲಿಲ್ಲ?

ಈ ಪ್ರಶ್ನೆ ಎದುರು ನಿಂತ ಮೇಲೆಯೇ ಉಳಿದದ್ದು ಬಂದಿತು. ಬಿಳಿ ಬಿಲ್ಲೆಯ ಮೇಲೆ ಹನಿ ನೀಲಿಯಾಗಿದೆ. ನಾನು ಪೆನ್ನಿನ ಮುಚ್ಚಳ ತೆಗೆದು, ಸೋತಿತು ಎಂದು ಬರೆಯಲು ಬಗ್ಗಿದ್ದೇನೆ. ಅವಳು ಸೌಟು ಎತ್ತಿದ್ದಾಳೆ.

“ಬಂದಿದೆ ಕಣ್ರೀ.”

“ಗೆಣಸು ಬೆಂದರೆ ಸಿಹಿ ಇರುವುದಿಲ್ಲವೇ? ನಾಲಿಗೆ ಸಾಕ್ಷಿಯಲ್ಲ.”

“ಗೆಣಸಿನ ಸಿಹಿ ನನಗೆ ಗೊತ್ತಿಲ್ವಾ? ಇದು ಬೇರೆ ಸಿಹಿ. ರಾಗಿಸರಿ ಕುಡಿದ ಮಗೂ ಬಾಯಿ ವಾಸನೆ ಬರ್ತದಲ್ಲ, ಆ ಸಿಹಿ.”

“ನೀಲಿ ನೋಡು ಇಲ್ಲಿ.”

“ನೀಲಿ ಅಂದ್ರೆ ಇನ್ನೂ ಪಿಷ್ಟ ಉಳ್ಕೊಂಡಿದೆ ಅಂತ ತಾನೇ ನೀವೇ ಹೇಳಿದ್ದು? ಏನೂ ಆಗೇ ಇಲ್ಲ ಅಂತ ಅಲ್ವಲ್ಲ! ಚೆಲ್ಲಬೇಡಿ. ಬೆಳಗಿನ ತನಕ ಬೆಚ್ಚಗಿರ್ಲಿ.”

ಅಷ್ಟು ಹೇಳುವಾಗ ಅವಳ ಸೌಟಿನಿಂದ ಗಂಜಿ ಹಾಳೆಯ ಮೇಲೆ, ಈಗ ತೂತಿರುವ ಜಾಗದಲ್ಲೇ, ಸುರಿಯಿತು. ನಾನು ರೇಗಿದೆ. ಅವಳು ಸೆರಗಿನಿಂದ ಒರೆಸಲು ಹೋಗಿ ಇನ್ನಷ್ಟು ಅಗಲ ಮಾಡಿದಳು. ಆಮೇಲೆ ಗೋಣಿಚೀಲ ಹೊದಿಸಿ, ಸುತ್ತ ಒಣಹುಲ್ಲು ಒತ್ತಿ, ಬಾಣಂತಿಗೆ ಹೊದಿಸುವಂತೆ ಹಂಡೆಯನ್ನು ಹೊದಿಸಿದಳು. ಮರುದಿನ ಬೆಳಿಗ್ಗೆ ಹಳೇಬೀಡಿನಿಂದ ಅವಳು ಕೇಳಿದ್ದು ಆ ಹಂಡೆಯನ್ನು. ನಾನು ಸ್ನಾನವಾಯಿತು ಎಂದೆ.

ಇದೂ ನೆನಪೇ. ಅದು ನನಗೆ ಗೊತ್ತಿದೆ. ಬೇಕೆಂದು ಕಾದಿದ್ದವನಿಗೆ ಬಂದ ನೆನಪು ಎಂಬುದೂ ಗೊತ್ತಿದೆ. ಜಿರಳೆ ಸಕ್ಕರೆಯನ್ನಷ್ಟೇ ಅಲ್ಲ, ಪಿಷ್ಟವನ್ನೂ ತಿನ್ನುತ್ತದೆ. ಹಾಳೆಯ ತೂತು ಏನನ್ನೂ ಸಾಧಿಸಿ ತೋರಿಸುವುದಿಲ್ಲ. ಸಾಧಿತವಾದದ್ದು ಇಷ್ಟು: ಗೆಣಸು ಕಿತ್ತದ್ದು ಭಾನುವಾರ, ಶೆಡ್ಡಿಗೆ ಬಂದದ್ದು ಸೋಮವಾರ, ಆ ಸೋಮವಾರ ಅವಳು ನನ್ನ ಜೊತೆಗಿದ್ದಳು, ಮಂಗಳವಾರ ಸಂಜೆ ನಾನು ಬರೆದದ್ದು “ನೋಡಿದೆ” ಎಂದು. ಮೊದಲು ಆ ನೆನಪಿಗೆ ಕಾಲೂರಲು ಒಂದು ದಿನವಿರಲಿಲ್ಲ. ಈಗ ಇದೆ.

ತಿಳಿಯದೆ ಉಳಿದದ್ದು ಒಂದೇ. ಬಸ್ ನಿಲ್ದಾಣದಿಂದ ನಡೆಯುತ್ತ, ನೀನಿಲ್ಲದ ದಿನ ಬಂತು ಎಂದು ನಾನು ಹೇಳಿದಾಗ, ಹಿಂದಿನ ದಿನವೇ ಬಂದಿತ್ತಲ್ಲ, ನಾನು ಹೇಳಿರಲಿಲ್ಲವೇ ಎಂದು ಅವಳು ಏಕೆ ಕೇಳಲಿಲ್ಲ? ಅಷ್ಟೂ ವರ್ಷ ನೆಂಟರ ಮುಂದೆ ಒಬ್ಬಟ್ಟಿನ ಮಾತು ಹೇಳಿ ನನ್ನ ಮಂಗಳವಾರವನ್ನು ಏಕೆ ಕಾಪಾಡಿದಳು? ಕೇಳಬೇಕಾದವನು ಆಗಲೂ ನಾನೇ. ಆಗಲೂ ಕೇಳಿರಲಿಲ್ಲ.

ಬರಹವನ್ನು ತಿದ್ದಿದೆ. ಕರ್ತೃವಿಲ್ಲದ ಕ್ರಿಯಾಪದವನ್ನು ಹೊಡೆದುಹಾಕಿ, ಸೋಮವಾರದ ಎದುರಿಗೆ ಬರೆದೆ: ಸಕ್ಕರೆ ಬಂದಿರುವುದನ್ನು ಮೊದಲು ಗುರುತಿಸಿದವರು ನನ್ನ ಮನೆಯವರು, ಹಂಡೆಯನ್ನು ಚೆಲ್ಲದಂತೆ ತಡೆದವರೂ ಅವರೇ. ಹಿಂದಿನ ವರದಿಯ ತಾರೀಖು ತಪ್ಪೆಂದೂ, ಆ ತಪ್ಪು ನನ್ನದೆಂದೂ ಅಡಿಟಿಪ್ಪಣಿ ಹಾಕಿದೆ.

ಎರಡು ದಿನ ಬಿಟ್ಟು ಸಂಪುಟದ ತರುಣಿ ಫೋನ್ ಮಾಡಿದಳು.

“ಸಾರ್, ತುಂಬಾ ಚೆನ್ನಾಗಿದೆ. ಒಂದೇ ಒಂದು. ‘ನನ್ನ ಮನೆಯವರು’ ಅಂತ ಇದೆಯಲ್ಲ, ಅಲ್ಲಿ ಹೆಸರು ಬೇಕಲ್ವಾ ಸಾರ್? ಬೇರೆ ಎಲ್ಲರದೂ ಹೆಸರು ಹಾಕಿದ್ದೀವಿ.”

ನಮ್ಮ ಕಾಲದ ಮನೆಗಳಲ್ಲಿ ಗಂಡ ಹೆಂಡಿರು ಒಬ್ಬರ ಹೆಸರನ್ನು ಒಬ್ಬರು ಹೇಳುವವರಲ್ಲ. ಅವಳಿಗೆ ನಾನು “ರೀ”. ನನಗೆ ಅವಳು “ಇವಳೇ”, “ಕೇಳಿಸಿತಾ”, ಬೇರೆಯವರ ಮುಂದೆ “ನಮ್ಮನೆಯವರು”. ಅರ್ಜಿಗಳಲ್ಲಿ ಬರೆದಿದ್ದೇನೆ, ಆಸ್ಪತ್ರೆಯ ಚೀಟಿಗಳಲ್ಲಿ ಬರೆದಿದ್ದೇನೆ. ಬಾಯಿಂದ ಹೇಳಿದ್ದು, ಮದುವೆಯ ದಿನ ಹೆಂಗಸರು ಅಡ್ಡ ನಿಂತು ಹೇಳಿಸಿದ ಆ ಒಂದು ಸಲ ಬಿಟ್ಟರೆ, ನೆನಪಿಲ್ಲ.

“ಹೇಳಿ ಸಾರ್, ಬರ್ಕೋತೀನಿ.”

ಹೇಳಿದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆ ಮೂರು ಅಕ್ಷರಗಳು ಅಡುಗೆಮನೆಯ ತನಕ ಹೋದಂತಾಯಿತು.

“ಸರಿಯಾಗಿ ಕೇಳಿಸ್ಲಿಲ್ಲ ಸಾರ್,” ಎಂದಳು ಆ ಹುಡುಗಿ. “ಇನ್ನೊಂದ್ಸಲ ಹೇಳ್ತೀರಾ?”

ಇನ್ನೊಂದು ಸಲ ಹೇಳಿದೆ.